ಕೊಡಗಲ್ಲಿ ಮೂರು ದಿನ: ಪಾಸ್ ತಗೊಂಡೋರು ಮೂರು ಜನ, ತಗೊಳ್ದೇ ಇರೋರು ಮೂರು ಜನ

ಮೊದ್ಲೇ ಹೇಳ್ಬಿಡ್ತೀನಿ, ಈ ಟೂರಿಸ್ಟ್ ಪಾಸ್ (ಒಂದ್ಸಲ ದುಡ್ಡು ಕಟ್ಟಿದ್ರೆ ಹಲವು ಜಾಗ ನೋಡೋಕೆ ಬಿಡೋ ಕಾರ್ಡ್) ಗಲಾಟೆ ಶುರುವಾಗಿದ್ದು ಕೊಡಗಿನ ವಿಷ್ಯಕ್ಕಲ್ಲ, ಪ್ಯಾರಿಸ್ ವಿಷ್ಯಕ್ಕೆ. ನನ್ನ ತಮ್ಮ, ಅವನ ಹೆಂಡ್ತಿ ಇಬ್ರೂ ಮೇ ತಿಂಗಳಲ್ಲಿ ಪ್ಯಾರಿಸ್ಸು ಆಮ್‌ಸ್ಟರ್‌ಡ್ಯಾಮು ಅಂತ ಹೊರಟಿದಾರೆ, ಫ್ಲೈಟ್ ಬುಕ್ ಆಗಿದೆ, ವೀಸಾ ಇನ್ನೂ ಬಂದಿಲ್ಲ, ಆದ್ರೆ ಅವನ ಬಾಯಲ್ಲಿ ಎರಡು ತಿಂಗಳಿಂದ ಒಂದೇ ಮಾತು, "ಅಕ್ಕ, ಪಾಸ್ ತಗೊಂಡ್ರೆ ಎಲ್ಲಾ ಕವರ್ ಆಗ್ಬಿಡುತ್ತೆ." ಈ ಕವರ್ ಅನ್ನೋ ಪದ ಕೇಳಿದ್ರೇ ನಂಗೆ ಆಗಲ್ಲ, ಊರು ನೋಡೋದು ಅಂದ್ರೆ ಪರೀಕ್ಷೆಗೆ ಸಿಲಬಸ್ ಮುಗಿಸೋ ಥರಾನಾ?

ಇದರ ಮಧ್ಯೆ ಫೆಬ್ರವರಿ ಕೊನೇಲಿ ಶನಿವಾರ ಭಾನುವಾರದ ಜೊತೆ ಸೋಮವಾರ ರಜೆ ಹಾಕಿ ಕೊಡಗಿಗೆ ಹೋಗೋಣ ಅಂತಾಯ್ತು. ಮಂಡ್ಯದಿಂದ ನಮ್ಮ ಏಳು ಸೀಟಿನ ಗಾಡೀಲಿ ಆರು ಜನ: ನಾನು, ನಮ್ಮೆಜಮಾನ್ರು, ಅತ್ತೆ, ಒಂಬತ್ತನೇ ಕ್ಲಾಸಿನ ಮಗ, ತಮ್ಮ, ತಮ್ಮನ ಹೆಂಡ್ತಿ. ಮಡಿಕೇರಿ ಹತ್ರ ಕಾಫಿ ತೋಟದೊಳಗೆ ಒಂದು ಹೋಂಸ್ಟೇ ಬುಕ್ ಮಾಡಿದ್ವಿ. ಹೊರಡೋಕೆ ಮೂರು ದಿನ ಇರ್ಬೇಕಾದ್ರೆ ತಮ್ಮ ವಾಟ್ಸಾಪಲ್ಲಿ ಒಂದು ಪೋಸ್ಟರ್ ಕಳ್ಸಿದ. ಮೂರು ದಿನ, ಹನ್ನೆರಡು ಪಾಯಿಂಟು, ಟೆಂಪೋ ಟ್ರಾವೆಲರ್, ಜೀಪು, ಎಲ್ಲಾ ಎಂಟ್ರಿ ಟಿಕೆಟ್ ಸೇರಿ ತಲೆಗೆ 3,500 ರೂಪಾಯಿ, ಒಂದು ಕಾರ್ಡ್ ಕೊಡ್ತಾರೆ ಅದಕ್ಕೆ ಪ್ರತಿ ಪಾಯಿಂಟಲ್ಲೂ ತೂತು ಹೊಡೀತಾರೆ. "ಪ್ಯಾರಿಸ್‌ಗೆ ಮುಂಚೆ ಇಲ್ಲೇ ಒಂದು ಟ್ರಯಲ್ ನೋಡ್ಬಿಡ್ತೀನಿ" ಅಂದ. ನಮ್ಮ ಗಾಡಿ ಹೆಂಗೂ ಹೋಗ್ತಿದೆಯಲ್ಲೋ ಅಂದ್ರೆ, "ಭಾವಂಗೆ ಘಾಟಲ್ಲಿ ಡ್ರೈವ್ ಮಾಡೋ ತಲೆನೋವು ಯಾಕೆ" ಅಂತ ಭಾವನ ಮೇಲೆ ಹಾಕ್ದ. ಕೊನೆಗೆ ಅವ್ರಿಬ್ರು ಮತ್ತು ನನ್ನ ಮಗ (ಜೀಪ್ ಅಂದ ತಕ್ಷಣ ಮಾವನ ಪಾರ್ಟಿ ಸೇರ್ಕೊಂಡ) ಪಾಸು, ನಾವು ಮೂರು ಜನ ಪಾಸಿಲ್ದೆ ನಮ್ಮ ಪಾಡಿಗೆ ನಾವು, ರಾತ್ರಿ ಹೋಂಸ್ಟೇಲಿ ಕೂತು ಲೆಕ್ಕ ನೋಡೋಣ ಅಂತ ಪಂದ್ಯ ಆಯ್ತು.

ಹೋಗೋಕೆ ಮುಂಚೆನೇ ನಾನು ಆ ಹನ್ನೆರಡು ಪಾಯಿಂಟ್ ಲಿಸ್ಟ್ ಇಟ್ಕೊಂಡು ಪೆನ್ನಲ್ಲಿ ಗುರುತು ಹಾಕಿದ್ದೆ. ಗೋಲ್ಡನ್ ಟೆಂಪಲ್ (ಬೈಲಕುಪ್ಪೇಲಿರೋ ಟಿಬೆಟಿಯನ್ನರ ಬೌದ್ಧ ದೇವಸ್ಥಾನ), ಓಂಕಾರೇಶ್ವರ, ಭಾಗಮಂಡಲ, ತಲಕಾವೇರಿ, ಇವಕ್ಕೆ ಟಿಕೆಟ್ಟೇ ಇಲ್ಲ, ದೇವರ ಮುಂದೆ ಹೋಗೋಕೆ ಯಾರು ದುಡ್ಡು ಕೇಳ್ತಾರೆ. ಹನ್ನೆರಡನೇ ಪಾಯಿಂಟ್ ಏನು ಗೊತ್ತಾ? ಸ್ಪೈಸ್ ಶಾಪ್ ವಿಸಿಟ್. ಅಂಗಡಿಗೆ ಕರ್ಕೊಂಡೋಗೋದೂ ಒಂದು ಪಾಯಿಂಟಂತೆ!

ಮೊದಲನೇ ದಿನ, ಶನಿವಾರ

ಬೆಳಿಗ್ಗೆ ಐದೂವರೆಗೆ ಮಂಡ್ಯ ಬಿಟ್ವಿ. ಹುಣಸೂರು ದಾಟಿ ತಿಂಡಿ ಮುಗಿಸಿ ಪಿರಿಯಾಪಟ್ಟಣ, ಬೈಲಕುಪ್ಪೆ ಆಗಿ ಕುಶಾಲನಗರ ತಲುಪಿದಾಗ ಒಂಬತ್ತಾಗ್ತಾ ಬಂದಿತ್ತು. ಅಲ್ಲಿ ಪಾಸಿನವ್ರನ್ನ ಇಳಿಸಿದ್ವಿ, ಅವರ ಟೆಂಪೋ ಒಂಬತ್ತೂವರೆಗೆ ಬರುತ್ತೆ ಅಂತ ಹೇಳಿದ್ರು. ನಾವು ನಿಲ್ಲದೆ ಸೀದಾ ದುಬಾರೆ ಆನೆ ಕ್ಯಾಂಪ್ ಕಡೆ ತಿರುಗಿಸಿದ್ವಿ. ಅದಕ್ಕೆ ಕಾರಣ ಇದೆ, ಆನೆ ಸ್ನಾನ ಬೆಳಿಗ್ಗೆ ಹೊತ್ತು ಮಾತ್ರ, ಹನ್ನೊಂದರ ಮೇಲೆ ಹೋದ್ರೆ ನದಿ ಇರುತ್ತೆ, ಬಂಡೆ ಇರುತ್ತೆ, ಆನೆ ಇರಲ್ಲ. ಬೈಲಕುಪ್ಪೆ ವಾಪಸ್ ಬರೋ ದಾರೀಲೇ ಇದ್ಯಲ್ಲ, ಅದನ್ನ ಕೊನೇ ದಿನಕ್ಕೆ ಇಟ್ಕೊಂಡ್ವಿ.

ದುಬಾರೇಲಿ ಕಾವೇರಿ ದಾಟೋಕೆ ಬೋಟಿಗೆ ಕ್ಯೂ. ಫೆಬ್ರವರಿ ಅಲ್ವಾ ನೀರು ಇಳಿದಿತ್ತು, ಬಂಡೆಗಳೆಲ್ಲ ಬೆನ್ನು ತೋರಿಸ್ಕೊಂಡು ಮಲಗಿದ್ವು. ಮಳೆಗಾಲದಲ್ಲಿ ಹೊಳೆ ಏರಿದ್ರೆ ಬೋಟೇ ಬಿಡಲ್ಲ, ಜುಲೈ ಆಗಸ್ಟಲ್ಲಿ ಇಂಥ ಪ್ಯಾಕೇಜ್ ತಗೊಳ್ಳೋರು ಅದನ್ನ ಮೊದ್ಲೇ ಕೇಳ್ಕೊಳ್ಳಿ. ಆಚೆ ದಡದಲ್ಲಿ ಒಂದು ಆನೆ ನೀರಲ್ಲಿ ಅಡ್ಡ ಮಲಗಿತ್ತು, ಮಾವುತ ಅದರ ಪಕ್ಕೆ ಮೇಲೆ ನಿಂತು ಬ್ರಷ್‌ನಲ್ಲಿ ಉಜ್ತಾ ಇದ್ದ, ನಮ್ಮನೇಲಿ ಸಿಮೆಂಟ್ ತೊಟ್ಟಿ ಉಜ್ಜೋ ಅದೇ ಸದ್ದು. ಸೊಂಡಿಲು ತುದಿ ಮಾತ್ರ ನೀರಿನ ಮೇಲೆ, ಪುಸ್ ಅಂತ ಉಸಿರು ಬಿಟ್ಟಾಗ ನೀರು ಹನಿ ಹನಿಯಾಗಿ ಹಾರೋದು. ಕಿವಿ ಹಿಂದೆ ಉಜ್ಜಿದ ತಕ್ಷಣ ಅದು ಕಣ್ಣು ಮುಚ್ಕೊಳ್ತು, ರೆಪ್ಪೆ ಕೂದಲು ಅಷ್ಟುದ್ದ ಇರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಈ ಕ್ಯಾಂಪಿನ ಆನೆಗಳೂ ಮೈಸೂರು ದಸರಾಗೆ ಹೋಗ್ತವೆ ಅಂದಾಗ ಅತ್ತೆ, "ಅಯ್, ನಮ್ಮೂರ್ ಕಡೆ ಬರೋ ನೆಂಟ್ರು ಬುಡವ್ವ ಇವು" ಅಂತ ಬಂಡೆ ಮೇಲೆ ಕುಂತೇಬಿಟ್ರು. ಮುಕ್ಕಾಲು ಗಂಟೆ ಎದ್ದೇ ಇಲ್ಲ.

ದಸರಾ ಅಂದ ಕೂಡ್ಲೇ ನಮ್ಮೆಜಮಾನ್ರು ಗೋಲ್ಡ್ ಕಾರ್ಡ್ ವಿಷ್ಯ ತೆಗೆದ್ರು, ಅದೂ ಪಾಸೇ ತಾನೆ ಅಂತ. ನಿಜ, ಆದ್ರೆ ಅದು ಜಂಬೂಸವಾರಿ ಪಂಜಿನ ಕವಾಯತಿಗೆ ಕೂರೋಕೆ ಜಾಗ ಕೊಡುತ್ತೆ, ಅವತ್ತಿನ ದಿನ ಆ ಜಾಗ ಬೇರೆ ಥರ ಸಿಗೋದೇ ಕಷ್ಟ. ಕಾರ್ಡ್ ಇಲ್ದಿದ್ರೂ ನೂರು ಹೆಜ್ಜೆ ನಡೆದು ಕೌಂಟರಲ್ಲಿ ಟಿಕೆಟ್ ಸಿಗೋ ಜಾಗಕ್ಕೆ ಪಾಸ್ ತಗೊಳ್ಳೋದು ಅದೇ ಲೆಕ್ಕ ಅಲ್ಲ.

ನಾವು ಬೋಟಲ್ಲಿ ವಾಪಸ್ ಬರ್ತಿರ್ಬೇಕಾದ್ರೆ ಎದುರುಗಡೆ ಬೋಟಲ್ಲಿ ಯಾರು, ನನ್ನ ಮಗ ಕೈ ಬೀಸ್ತಾ ಇದಾನೆ! ಟೈಮು ಹನ್ನೊಂದೂ ಮುಕ್ಕಾಲು. ಅವರ ಟೆಂಪೋ ಬಂದಿದ್ದೇ ಹತ್ತು ಗಂಟೆಗಂತೆ, ಇನ್ನೊಂದು ಲಾಡ್ಜಿಂದ ಬರಬೇಕಾದ ಫ್ಯಾಮಿಲಿಗೆ ಕಾದು, ಹಿಂದಕ್ಕೆ ಬೈಲಕುಪ್ಪೆಗೆ ಹೋಗಿ ಇಪ್ಪತ್ತೈದು ನಿಮಿಷದಲ್ಲಿ ಗೋಲ್ಡನ್ ಟೆಂಪಲ್ ಮುಗಿಸಿ, ಆಮೇಲೆ ಇಲ್ಲಿಗೆ. ಅವರು ದಡ ಸೇರೋ ಹೊತ್ತಿಗೆ ಆನೆಗಳು ಮೈ ಒರೆಸ್ಕೊಳ್ದೆ ಕ್ಯಾಂಪ್ ಕಡೆ ಹೊರಟುಹೋಗಿದ್ವು. ಕಾರ್ಡಿಗೆ ತೂತು ಮಾತ್ರ ಬಿತ್ತು.

ಮಧ್ಯಾಹ್ನ ನಾವು ನಿಸರ್ಗಧಾಮಕ್ಕೂ ಹೋದ್ವಿ. ಕಾವೇರಿ ನಡುವೆ 64 ಎಕರೆ ದ್ವೀಪ, ತೂಗುಸೇತುವೆ, ಬಿದಿರು ಮೆಳೆ. ಶನಿವಾರದ ಜನ ನೋಡಿ ಅರ್ಧ ಗಂಟೇಲಿ ಹೊರಗೆ ಬಂದ್ವಿ, ಅಷ್ಟೆ, ಹೇಳೋಕೇನಿಲ್ಲ.

ಹೋಂಸ್ಟೇ ಸೇರಿದಾಗ ಆಂಟಿ ಬೆಲ್ಲದ ಕಾಫಿ ಕೊಟ್ರು, ಹಾಲಿಲ್ಲದ್ದು. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿದ್ರು, ಎರಡನೇ ದಿನಕ್ಕೆ ಅವರೇ ಕೇಳಿ ಹಾಕಿಸ್ಕೊಂಡ್ರು ಅದು ಬೇರೆ ಮಾತು. ರಾತ್ರಿ ಊಟಕ್ಕೆ ಕಡಂಬುಟ್ಟು (ಅಕ್ಕಿ ಕಡುಬು), ಕೋಳಿ ಸಾರು, ಇನ್ನೊಂದು ಪಾತ್ರೇಲಿ ಪಂದಿ ಕರಿ, ಅಂದ್ರೆ ಹಂದಿ ಮಾಂಸದ ಸಾರು, ಕಾಚಂಪುಳಿ ಅನ್ನೋ ಕೊಡಗಿನ ಹುಳಿ ಹಾಕಿ ಕಪ್ಪಗೆ ಮಾಡಿದ್ರು. ನಮ್ಮೆಜಮಾನ್ರು ಅತ್ತೆ ಕೈ ತೊಳ್ಯೋಕೆ ಎದ್ದ ಟೈಮ್ ನೋಡಿ ಎರಡು ಸಲ ಬಡಿಸ್ಕೊಂಡ್ರು. ಇದನ್ನ ಅತ್ತೆ ಓದಲ್ಲ ಅನ್ನೋ ಧೈರ್ಯದಲ್ಲಿ ಬರ್ದಿದೀನಿ.

ಎರಡನೇ ದಿನ, ಭಾನುವಾರ

ನಾಲ್ಕೂವರೆಗೆ ಅಲಾರಾಂ, ಪಾಸಿನವ್ರು ಕಣ್ಣುಜ್ಜಿಕೊಂಡು ಮಾಂದಲಪಟ್ಟಿ ಬೆಟ್ಟಕ್ಕೆ ಹೊರಟ್ರು. ನಾನು ಮತ್ತೆ ಮಲಗಿದೆ. ಆರೂವರೆಗೆ ಎದ್ದು ಬಾಗಿಲು ತೆಗೆದ್ರೆ, ಅಬ್ಬಾ, ಏನ್ ವಾಸನೆ ಅದು! ಮಲ್ಲಿಗೆ ಅಂಗಡಿ ಮುಂದೆ ನಿಂತ ಹಾಗೆ. ಹಿಂದಿನ ರಾತ್ರಿ ಕತ್ತಲಲ್ಲಿ ಗೊತ್ತೇ ಆಗಿರ್ಲಿಲ್ಲ, ಇಡೀ ತೋಟ ಬೆಳ್ಳಗೆ, ಕಾಫಿ ಹೂ ಬಿಟ್ಟಿದೆ. ಒಂದೊಂದು ರೆಂಬೆ ಮೇಲೂ ಗಿಣ್ಣು ಗಿಣ್ಣಿಗೆ ಗೊಂಚಲು, ಯಾರೋ ಹತ್ತಿ ಸುತ್ತಿಟ್ಟ ಹಾಗೆ, ಹತ್ರ ಹೋದ್ರೆ ಜೇನುನೊಣದ ಗುಂಯ್ ಸದ್ದು, ತೋಟವೇ ಗೊರಕೆ ಹೊಡೀತಿದೆ ಅನ್ಸೋದು. ಆಂಟಿ ಹೇಳಿದ್ರು, ರೋಬಸ್ಟಾಗೆ ಸ್ಪ್ರಿಂಕ್ಲರಲ್ಲಿ ನೀರು ಕೊಟ್ಟು ಎಂಟು ಹತ್ತು ದಿನಕ್ಕೆ ಹೂ ಬಿಡುತ್ತೆ, ಇಲ್ಲಾ ಹೂಮಳೆ ಬಂದ್ರೆ ಆಯ್ತು, ಬಿಟ್ಟ ಮೇಲೆ ಎರಡು ಮೂರು ದಿನ ಅಷ್ಟೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತೆ. "ನಿಮ್ಮ ಅದೃಷ್ಟ, ಹೋದ ವಾರ ಬಂದವ್ರಿಗೆ ಎಂತದೂ ಇರ್ಲಿಲ್ಲ" ಅಂದ್ರು. ನಾವು ಮೂರು ಜನ ಎರಡು ಗಂಟೆ ತೋಟದಲ್ಲೇ ಇದ್ವಿ. ಅತ್ತೆ ಒಂದು ಗೊಂಚಲನ್ನ ಕೀಳೋಕೆ ಕೈ ಹಾಕಿ, ಆಮೇಲೆ ತಾವೇ ಕೈ ಹಿಂದಕ್ಕೆ ತಗೊಂಡು, "ಬ್ಯಾಡ, ಒಂದ್ ಹೂಗೆ ಒಂದ್ ಕಾಯಿ ಅಲ್ವಾ" ಅಂದ್ರು. ರೈತ್ರ ಮನೆ ಹೆಂಗ್ಸು ನೋಡಿ.

ಹತ್ತು ಗಂಟೆಗೆ ಮಡಿಕೇರಿ ಪೇಟೆ. ಓಂಕಾರೇಶ್ವರ 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು, ಮೇಲ್ಗಡೆ ಮಸೀದಿ ಥರ ಗುಮ್ಮಟ, ಮೂಲೇಲಿ ಮಿನಾರ್ ಥರದ್ದು, ಒಳಗೆ ಶಿವ. ಎದುರಿಗೆ ಕೊಳ, ಅದರ ನಡುವೆ ಮಂಟಪ, ಮೀನುಗಳು ಕೈ ಆಡಿಸಿದ್ರೆ ಗುಂಪಾಗಿ ಬರ್ತವೆ.

ಆಮೇಲೆ ಹೋಗಿದ್ದು ಪಾಸಲ್ಲಿ ಇಲ್ದೇ ಇದ್ದ ಜಾಗಕ್ಕೆ. ಸನ್ನಿ ಸೈಡ್ ಅಂತ, ಜನರಲ್ ತಿಮ್ಮಯ್ಯನವರ ಮನೆ, 2021ರ ಫೆಬ್ರವರೀಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಮ್ಯೂಸಿಯಂ ಆಗಿ ಉದ್ಘಾಟನೆ ಮಾಡಿದ್ರು. ಅತ್ತೆ ಅಣ್ಣ ಮಿಲ್ಟ್ರೀಲಿ ಇದ್ದೋರು, ಅದಕ್ಕೇ ನಮ್ಮೆಜಮಾನ್ರು ಕರ್ಕೊಂಡು ಬಂದಿದ್ದು. 1906ರಲ್ಲಿ ಹುಟ್ಟಿದ ಹುಡುಗ 1957ರಲ್ಲಿ ಭೂಸೇನೆ ಮುಖ್ಯಸ್ಥರಾಗಿ, 1961ರವರೆಗೆ ಇದ್ದು, ಆಮೇಲೆ ವಿಶ್ವಸಂಸ್ಥೆ ಶಾಂತಿಪಡೆ ನಡೆಸ್ತಾ 1965ರಲ್ಲಿ ಸೈಪ್ರಸ್ಸಲ್ಲಿ ತೀರ್ಕೊಂಡ್ರು. 1948ರ ನವೆಂಬರಲ್ಲಿ ಜೊಜಿಲಾ ಕಣಿವೆಗೆ, ಅಷ್ಟೆತ್ತರಕ್ಕೆ, ಹಿಮದಲ್ಲಿ ಟ್ಯಾಂಕ್ ಹತ್ತಿಸಿದ್ದು ಇವರೇ. ನಮ್ಮೆಜಮಾನ್ರು ಅದನ್ನ ಅತ್ತೆಗೆ ಹೇಳ್ತಾ ಇದ್ರೆ ಅತ್ತೆ ಒಂದು ಯೂನಿಫಾರ್ಮ್ ಮುಂದೆ ನಿಂತು ಗಾಜಿಗೆ ಮೂಗು ತಾಗೋ ಹಾಗೆ ಬಗ್ಗಿ ಗುಂಡಿಗಳನ್ನ ನೋಡ್ತಾ ಇದ್ರು. "ನಮ್ಮಣ್ಣ ರಜಕ್ಕೆ ಬಂದಾಗ ಈ ಗುಂಡೀನ ಹುಣ್ಸೆಹಣ್ಣಲ್ಲಿ ಉಜ್ಜಿ ಕೊಡ್ತಿದ್ದೆ ಕಣಪ್ಪ" ಅಂದ್ರು ನಮ್ಮೆಜಮಾನ್ರಿಗೆ. ನಾನು ಮದುವೆಯಾಗಿ ಹದಿನೇಳು ವರ್ಷ ಆಯ್ತು, ಈ ಕಥೆ ಕೇಳಿರ್ಲಿಲ್ಲ. ಒಂದು ಗಂಟೆ ಮೇಲೆ ಅಲ್ಲೇ ಇದ್ವಿ, ಯಾರೂ ಸೀಟಿ ಊದಿ ಗಾಡಿ ಹತ್ತಿ ಅನ್ಲಿಲ್ಲ.

ಸಾಯಂಕಾಲ ಐದಕ್ಕೆ ರಾಜಾಸೀಟ್. ಟಿಕೆಟ್ ಚಿಲ್ಲರೆ ಕಾಸು, ಗೇಟಲ್ಲೇ ಕೊಟ್ಟು ಒಳಗೆ ಹೋಗೋದು. ಕಡ್ಲೆಕಾಯಿ ಪೊಟ್ಟಣ ತಗೊಂಡು ಜಾಗ ಹಿಡಿದು ಕೂತ್ವಿ. ಸೂರ್ಯ ಇಳೀತಾ ಇಳೀತಾ ಬೆಟ್ಟ ಒಂದರ ಹಿಂದೆ ಒಂದು ನೀಲಿ ಆಗ್ತಾ ಹೋಯ್ತು, ಕೊನೇಗೆ ಎಷ್ಟು ಬೆಟ್ಟ ಇದೆ ಅಂತ ಲೆಕ್ಕ ತಪ್ಪೋಯ್ತು. ಪಾಸಿನವ್ರಿಗೆ ಇದೇ ರಾಜಾಸೀಟನ್ನ ಮಧ್ಯಾಹ್ನ ಮೂರೂವರೆಗೆ ತೋರಿಸಿ ಮುಗಿಸಿದ್ರಂತೆ, ನೆತ್ತಿ ಬಿಸಿಲಲ್ಲಿ. ಸೂರ್ಯಾಸ್ತಕ್ಕೆ ಹೆಸರಾದ ಜಾಗ ಅದು! ಯಾಕೆ ಅಂದ್ರೆ ನಾಲ್ಕೂವರೆಗೆ ಸ್ಪೈಸ್ ಶಾಪ್ ಇತ್ತಲ್ಲ.

ರಾತ್ರಿ ಎರಡೂ ಪಾರ್ಟಿ ಮುಖಾಮುಖಿ. ಮೂರೂ ಜನ ತಲೆಯಿಂದ ಕಾಲಿನವರೆಗೆ ಕೆಂಪು ಧೂಳು, ತಮ್ಮ ಸೊಂಟ ಹಿಡ್ಕೊಂಡಿದ್ದ. ಆದ್ರೆ ಮಗ ಫೋಟೋ ತೋರಿಸಿದಾಗ ನಂಗೆ ನಿಜವಾಗ್ಲೂ ಬೇಜಾರಾಯ್ತು. ಹುಲ್ಲುಬೆಟ್ಟದ ಕೆಳಗೆ ಮಂಜು ಹಾಲು ಉಕ್ಕಿದ ಹಾಗೆ ತುಂಬ್ಕೊಂಡಿದೆ, ಮೇಲೆ ಇವನು ಒಬ್ಬನೇ ನಿಂತಿದ್ದಾನೆ. ಇದೊಂದು ನಾವು ಬಿಡಬಾರದಿತ್ತು, ಬಿಟ್ಟಿದ್ದು ನಿದ್ದೆ ಆಸೆಗೆ, ದುಡ್ಡಿನ ಲೆಕ್ಕಕ್ಕೂ ಅಲ್ಲ. ಅಲ್ಲಿಗೆ ನಮ್ಮ ಗಾಡಿ ಹೋಗಲ್ಲ, ರಸ್ತೆ ಅಂಥದ್ದು, ಜೀಪೇ ಬೇಕು. ಜೀಪು ತಲೆ ಲೆಕ್ಕ ಅಲ್ಲ, ಜೀಪ್ ಲೆಕ್ಕ. ಆರು ಏಳು ಜನ ಸೇರಿದ್ರೆ ತಲೆಗೆ ಕಮ್ಮಿ ಬೀಳುತ್ತೆ, ಇಬ್ರೇ ಹೋದ್ರೆ ಕೈ ಸುಡುತ್ತೆ. ಇವರ ಜೀಪಲ್ಲಿ ಬೆಂಗಳೂರಿಂದ ಬಸ್ಸಲ್ಲಿ ಬಂದ ಇಬ್ರು ಹುಡುಗೀರು ಇದ್ರಂತೆ, ಪಿ.ಜಿ.ಲಿ ಇರೋರು, ಗಾಡಿ ಇಲ್ಲ. ಕೊಡಗಲ್ಲಿ ರೈಲೂ ಇಲ್ವಲ್ಲ, ಜಿಲ್ಲೆಗೇ ಇಲ್ಲ. ಅವರು ದಿನಕ್ಕೊಂದು ಟ್ಯಾಕ್ಸಿ ಮಾಡಿದ್ರೆ ಇದರ ಎರಡರಷ್ಟು ಆಗೋದು. ಅಂಥವ್ರಿಗೆ ಈ ಪಾಸ್ ಸರಿ ಅಂತ ನಾನೂ ಒಪ್ಕೊಂಡೆ.

ಅಬ್ಬಿ ಫಾಲ್ಸ್ ಬಗ್ಗೆ ಕೇಳಿದ್ರೆ ತಮ್ಮನ ಹೆಂಡ್ತಿ, "ಅತ್ಗೆ, ನಮ್ಮನೆ ಟ್ಯಾಂಕ್ ತುಂಬಿ ಹರಿದ್ರೆ ಇದಕ್ಕಿಂತ ಜೋರಾಗಿರುತ್ತೆ" ಅಂದ್ಲು. ಫೆಬ್ರವರೀಲಿ ಅಷ್ಟೆ, ಅದನ್ನ ನೋಡ್ಬೇಕಾದ್ದು ಮಳೆ ನಿಂತ ತಕ್ಷಣ. ಇಳಿಯೋಕೆ ಮೆಟ್ಲು, ಹತ್ತೋಕೆ ಅದೇ ಮೆಟ್ಲು, ಅವಳಿಗೆ ಮಂಡಿ ನೋವು. ಮತ್ಯಾಕೆ ಹೋದೆ ಅಂದ್ರೆ, "ದುಡ್ಡು ಕೊಟ್ಟಿದೀವಲ್ಲ." ನೋಡಿ, ಇದೇ. ಟಿಕೆಟ್ ಅಲ್ಲೇ ತಗೊಳ್ಳೋದಾಗಿದ್ರೆ ಮೇಲಿಂದ ನೀರಿಲ್ಲ ಅಂತ ಕೇಳಿ ವಾಪಸ್ ಬರೋಳು, ಪಾಸ್ ಇದ್ದಿದ್ದಕ್ಕೆ ಮಂಡಿ ಸವೆಸಿದ್ಲು.

ಸ್ಪೈಸ್ ಶಾಪಲ್ಲಿ ತಗೊಂಡ ಏಲಕ್ಕಿ ಪ್ಯಾಕೆಟ್ಟೂ ತೋರಿಸಿದ್ರು. ಅತ್ತೆ ಒಂದು ಬಿಡಿಸಿ ನೋಡಿದ್ರು, ಇನ್ನೊಂದು ಬಿಡಿಸಿದ್ರು. ಏನೂ ಅನ್ಲಿಲ್ಲ, ಪ್ಯಾಕೆಟ್ ಮಡಚಿ ವಾಪಸ್ ಕೊಟ್ರು.

ಆಮೇಲೆ ಪ್ಯಾರಿಸ್ ಲೆಕ್ಕಕ್ಕೆ ಕೂತ್ವಿ, ಮಗನ ರಫ್ ಬುಕ್ಕಲ್ಲಿ. ಇಲ್ಲೊಂದು ವಿಷ್ಯ ನಂಗೂ ಆಗಲೇ ಹೊಳೆದಿದ್ದು. ಕೊಡಗಲ್ಲಿ ಟಿಕೆಟ್ ಸಸ್ತಾ, ದಾರಿ ದುಬಾರಿ, ಒಂದು ಜಾಗದಿಂದ ಇನ್ನೊಂದಕ್ಕೆ ಗಂಟೆಗಟ್ಲೆ. ಇವರು 3,500 ಕೊಟ್ಟಿದ್ದು ಟಿಕೆಟ್ಟಿಗಲ್ಲ ಗಾಡಿ ಬಾಡಿಗೆಗೆ, ಆ ಗಾಡಿ ನಮ್ಮತ್ರ ಮೊದ್ಲೇ ಇತ್ತು. ಪ್ಯಾರಿಸಲ್ಲಿ ಉಲ್ಟಾ, ಮೆಟ್ರೋ ಹತ್ತಿದ್ರೆ ಮುಗೀತು, ಟಿಕೆಟ್ಟೇ ಜೀವ ಹಿಂಡೋದು. ಲೂವ್ರ್ ಮ್ಯೂಸಿಯಂಗೆ 2026ರ ಜನವರಿಯಿಂದ ಯೂರೋಪಿನವರಲ್ಲದೋರಿಗೆ 32 ಯೂರೋ ಮಾಡಿದಾರೆ, ಅದಕ್ಕೆ ಮುಂಚೆ 22 ಇತ್ತು. ಹಾಗಾಗಿ ಅಲ್ಲಿ ಪಾಸ್ ಲಾಭ ಆಗ್ಬೋದು, ನಾನು ಬೇಡ ಅನ್ನಲ್ಲ. ಆದ್ರೆ ಪ್ಯಾರಿಸ್ ಮ್ಯೂಸಿಯಂ ಪಾಸಲ್ಲಿ ಐಫೆಲ್ ಟವರ್ ಇಲ್ಲ, ಮೆಟ್ರೋನೂ ಇಲ್ಲ. ಇದು ಗೊತ್ತಾದಾಗ ತಮ್ಮನ ಹೆಂಡ್ತಿ ಗಂಡನ ಮುಖ ನೋಡಿದ ನೋಟ ನೀವು ನೋಡ್ಬೇಕಿತ್ತು, ಅವಳಿಗೆ ಬೇಕಾಗಿದ್ದೇ ಐಫೆಲ್.

ಇನ್ನೊಂದು, ಪಾಸ್ ಗಂಟೆ ಲೆಕ್ಕ. 48, 96, 144 ಗಂಟೆ, ಮೊದಲನೇ ಮ್ಯೂಸಿಯಂ ಗೇಟಲ್ಲಿ ತೋರಿಸಿದ ಕ್ಷಣದಿಂದ ಗಡಿಯಾರ ಓಡುತ್ತೆ, ನೀವು ಮಲಗಿದ್ರೂ ಓಡುತ್ತೆ. ಮತ್ತೆ ಪಾಸ್ ಇದ್ರೂ ಲೂವ್ರಿಗೆ ಟೈಮ್ ಸ್ಲಾಟ್ ಬುಕ್ ಮಾಡ್ಲೇಬೇಕು. ಮಕ್ಕಳಿಗೆ ಅಂತ ಪಾಸ್ ಹುಡುಕೋರು ಇನ್ನೊಂದು ನೋಡ್ಕೊಳ್ಳಿ, 18ರ ಒಳಗಿನವರಿಗೆ ಲೂವ್ರ್ ಫ್ರೀ. ಲಂಡನ್ನಲ್ಲಂತೂ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ ಎಲ್ಲರಿಗೂ ಫ್ರೀ. ಆಮ್‌ಸ್ಟರ್‌ಡ್ಯಾಮ್ ಸಿಟಿ ಕಾರ್ಡಲ್ಲಿ ಟ್ರಾಮ್ ಬಸ್ ಎಲ್ಲಾ ಸೇರಿರುತ್ತೆ, ಅದು ಒಳ್ಳೇದೇ, ಆದ್ರೆ ವ್ಯಾನ್ ಗೋ ಮ್ಯೂಸಿಯಂ ಇಲ್ಲ, ಆನ್ ಫ್ರಾಂಕ್ ಮನೆ ಇಲ್ಲ. ಆನ್ ಫ್ರಾಂಕ್ ಮನೆ ಟಿಕೆಟ್ ಆರು ವಾರ ಮುಂಚೆ ಮಂಗಳವಾರ ಆನ್‌ಲೈನಲ್ಲಿ ಬಿಡ್ತಾರೆ, ನಮ್ಮ ತತ್ಕಾಲ್ ಥರ ಕಾದು ಕೂತು ಹಿಡೀಬೇಕು. ಎಲ್ಲರೂ ಯಾವುದನ್ನ ನೋಡೋಕೆ ಆ ಊರಿಗೆ ಹೋಗ್ತಾರೋ ಅದನ್ನೇ ಪಾಸಿಂದ ಹೊರಗಿಟ್ಟಿರ್ತಾರೆ, ಅದು ಹೆಂಗೋ ಕಾಣೆ.

ತಮ್ಮ ಒಪ್ಲಿಲ್ಲ. "ಅಕ್ಕ, ಎಲ್ಲಾ ಲೆಕ್ಕ ಹಾಕ್ತಾ ಕೂತ್ರೆ ಹೋಗೋದ್ಯಾವಾಗ, ಒಂದ್ಸಲ ದುಡ್ಡು ಕಟ್ಟಿ ನಿಶ್ಚಿಂತೆ ಆಗಿರೋದು ಅದಕ್ಕೂ ಒಂದು ಬೆಲೆ ಇದೆ" ಅಂದ. ಅದೂ ಸುಳ್ಳಲ್ಲ. ಇವನು ಆಫೀಸಲ್ಲಿ ದಿನಾ ಎಕ್ಸೆಲ್ ನೋಡಿ ನೋಡಿ ಸಾಕಾಗಿರೋನು, ರಜೇಲೂ ಹತ್ತು ಕಡೆ ಪರ್ಸ್ ತೆಗೆಯೋಕೆ ಅವನಿಗೆ ಹಿಂಸೆ.

ಮೂರನೇ ದಿನ, ಸೋಮವಾರ

ನಮ್ಮೆಜಮಾನ್ರಿಗೆ ರಜೆ ಹಾಕಿದ್ರೂ ಆಫೀಸ್ ಕಾಲ್ ಬಂತು, ಲ್ಯಾಪ್‌ಟಾಪ್ ತೆಗೆದು ಜಗಲೀಲಿ ಕೂತ್ರು. ಮಡಿಕೇರಿಯಿಂದ ತಲಕಾವೇರಿಗೆ 48 ಕಿಲೋಮೀಟರು. ಅತ್ತೆ ಕಾಯೋಕೆ ತಯಾರಿಲ್ಲ. "ಗೌರ್ಮೆಂಟ್ ಬಸ್ ಇಲ್ವಾ? ಆಧಾರ್ ಐತಲ್ಲ" ಅಂದ್ರು.

ಇದೆ ಕಣ್ರೀ! ಯೂರೋಪಿನ ಪಾಸ್ ಎಲ್ಲಾ ಅಳೆದು ತೂಗಿ ಕೂತಿದ್ದ ನಮ್ಗೆ ಈ ಪಾಸ್ ನೆನಪೇ ಆಗಿರ್ಲಿಲ್ಲ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ಫ್ರೀ, ಐರಾವತ ರಾಜಹಂಸ ಥರದ್ದಕ್ಕೆ ಇಲ್ಲ. ಗಂಟೆ ಲೆಕ್ಕ ಇಲ್ಲ, ಪಾಯಿಂಟ್ ಲೆಕ್ಕ ಇಲ್ಲ. ಅತ್ತೆ ಆಧಾರ್ ಕಾರ್ಡನ್ನ ಒಂದು ಪ್ಲಾಸ್ಟಿಕ್ ಕವರಲ್ಲಿ, ಆ ಕವರನ್ನ ಕರ್ಚೀಫಲ್ಲಿ, ಕರ್ಚೀಫನ್ನ ಚಿಕ್ಕ ಪರ್ಸಲ್ಲಿ ಇಟ್ಟಿರ್ತಾರೆ, ತೆಗೆಯೋ ಹೊತ್ತಿಗೆ ಕಂಡಕ್ಟರ್ ಪಕ್ಕದ ನಾಲ್ಕು ಸೀಟ್ ಮುಗಿಸಿ ಬಂದ. ಎರಡು ಶೂನ್ಯ ಟಿಕೆಟ್ ಹರಿದು ಕೊಟ್ಟ.

ಬಸ್ಸು ಚೇರಂಬಾಣೆ ಚೆಟ್ಟಿಮಾನಿ ಅಂತ ನಿಂತು ನಿಂತು ಹೋಯ್ತು. ಸ್ಕೂಲ್ ಮಕ್ಕಳು ಹತ್ತಿದ್ರು, ಬಾಳೆಗೊನೆ ಹತ್ತಿತು, ಒಬ್ರು ಅಜ್ಜಿ ಅತ್ತೆ ಪಕ್ಕ ಕೂತು ಯಾವೂರು ಅಂತ ಕೇಳಿದ್ರು. ಮಂಡ್ಯ ಅಂದಿದ್ದಕ್ಕೆ ಆ ಅಜ್ಜಿ, "ನಮ್ಮ ನೀರು ನಿಮ್ಗೆ ಬರೋದು" ಅಂದ್ರು, ಅತ್ತೆ ತಕ್ಷಣ, "ಅದ್ನೇ ನೋಡಿ ಕೈ ಮುಗ್ದ್ ಬರಾನ ಅಂತ ಓಯ್ತಾ ಇದೀವಿ" ಅಂದ್ರು. ದಾರಿ ಪೂರ್ತಿ ಇಬ್ರೂ ಮಾತು, ಭತ್ತದ ರೇಟು, ಆನೆ ಕಾಟ, ಮೊಮ್ಮಗಳ ಮದುವೆ. ನಾನು ಕಿಟಕಿ ಹೊರಗೆ ನೋಡ್ಕೊಂಡು ಕೂತೆ.

ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣ್ತವೆ, ಸುಜ್ಯೋತಿ ನೆಲದೊಳಗೆ ಅಂತಾರೆ, ಮೂರೂ ಸೇರೋ ಸಂಗಮ. ಕಾಲು ತೊಳ್ಕೊಂಡು ಭಗಂಡೇಶ್ವರನ ದರ್ಶನ ಮಾಡಿ, ಅಲ್ಲಿಂದ ಎಂಟು ಕಿಲೋಮೀಟರ್ ಮೇಲೆ ತಲಕಾವೇರಿ. ಕಾವೇರಿ ಹುಟ್ಟೋ ಪುಟ್ಟ ಕುಂಡಿಕೆ ಎಷ್ಟಿರುತ್ತೆ ಗೊತ್ತಾ, ನಮ್ಮನೆ ನೀರಿನ ಸಂಪ್ ಬಾಯಿಯಷ್ಟು. ತುಲಾ ಸಂಕ್ರಮಣದ ದಿನ ಅಕ್ಟೋಬರಲ್ಲಿ ಇಲ್ಲಿ ತೀರ್ಥೋದ್ಭವಕ್ಕೆ ಜನ ಕಿಕ್ಕಿರಿದಿರ್ತಾರೆ, ನಾವು ಹೋದಾಗ ಇಪ್ಪತ್ತು ಜನ ಇದ್ರೇನೋ. ಅತ್ತೆ ಮುಂದಿನ ಕೊಳದ ಮೆಟ್ಲಲ್ಲಿ ಕೂತು ನೀರು ಕೈಲಿ ಹಿಡಿದು ಹಿಡಿದು ಬಿಡ್ತಾ ಇದ್ರು. ಕೆಆರ್‌ಎಸ್ ತುಂಬಿದ್ರೆ ನಮ್ಮೂರ ನಾಲೇಲಿ ನೀರು, ನಾಲೇಲಿ ನೀರಿದ್ರೆ ನಮ್ಮ ಗದ್ದೆ, ಗದ್ದೆ ಇದ್ರೆ ನಾವು. ನಂಗೂ ಏನೋ ಗಂಟಲು ಕಟ್ಟಿದ ಹಾಗಾಯ್ತು, ಹೆಚ್ಚು ಬರೆಯಲ್ಲ.

ಹನ್ನೆರಡು ಗಂಟೆ ಹೊತ್ತಿಗೆ ಪಾಸಿನ ಟೆಂಪೋ ಬಂತು. ಮಗ ಓಡಿ ಬಂದ, "ಅಮ್ಮ ಇಪ್ಪತ್ತೈದೇ ನಿಮಿಷ!" ಅವರು ಬೆಳಿಗ್ಗೆ ಗದ್ದಿಗೆ, ಅಂದ್ರೆ ಕೊಡಗಿನ ರಾಜರ ಸಮಾಧಿ, ನೋಡಿ ಮಡಿಕೇರಿ ಕೋಟೆಗೆ ಹೋಗಿದ್ರು. ಕೋಟೆ ಅಂದ್ರೆ ಮುದ್ದುರಾಜ ಮಣ್ಣಲ್ಲಿ ಕಟ್ಟಿಸಿದ್ದನ್ನ ಟಿಪ್ಪು ಕಲ್ಲಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟಿದ್ದು, ಅದರೊಳಗಿನ ಹಳೇ ಚರ್ಚಲ್ಲಿ ಈಗ ಮ್ಯೂಸಿಯಂ ಇದೆ. ಸೋಮವಾರ ಮ್ಯೂಸಿಯಂ ರಜೆ! ಪ್ಯಾಕೇಜ್ ಮಾಡಿದೋರಿಗೆ ಸೋಮವಾರ ಬರುತ್ತೆ ಅಂತ ಗೊತ್ತಿರ್ಲಿಲ್ವಾ? ಅಂಗಳದಲ್ಲಿರೋ ಎರಡು ಗಾರೆ ಆನೆ ಮುಂದೆ ಫೋಟೋ ತೆಗೆಸಿ ಕಾರ್ಡಿಗೆ ತೂತು ಹೊಡ್ದು ಕಳ್ಸಿದಾರೆ. ನಾನು ತಕ್ಷಣ ತಮ್ಮನಿಗೆ ಹೇಳ್ದೆ, ಲೂವ್ರ್ ಮಂಗಳವಾರ ರಜೆ, ಓರ್ಸೆ ಮ್ಯೂಸಿಯಂ ಸೋಮವಾರ ರಜೆ, ನಿನ್ನ 48 ಗಂಟೆ ಪಾಸ್ ಸೋಮವಾರ ಶುರು ಮಾಡಿದ್ರೆ ಎರಡೂ ದಿನ ಒಂದೊಂದು ಬಾಗ್ಲು ಮುಚ್ಚಿರುತ್ತೆ. ಅವನು ಫೋನ್ ತೆಗೆದು ಕ್ಯಾಲೆಂಡರ್ ನೋಡ್ದ. ಪ್ಯಾರಿಸ್ ಇಳಿಯೋದು ಭಾನುವಾರ ಸಂಜೆ ಅಂತೆ. ಏನೂ ಮಾತಾಡ್ಲಿಲ್ಲ.

ಅಷ್ಟರಲ್ಲಿ ಗೈಡ್ ಕೈ ತಟ್ಟಿದ. ತಮ್ಮನ ಹೆಂಡ್ತಿ ಮಾತ್ರ ಅತ್ತೆ ಪಕ್ಕ ಮೆಟ್ಲಲ್ಲಿ ಕೂತೋಳು ಏಳ್ಲೇ ಇಲ್ಲ. "ನೀವು ಹೋಗಿ, ನಾನು ಅತ್ಗೆ ಜೊತೆ ಬಸ್ಸಲ್ಲಿ ಬರ್ತೀನಿ, ನನ್ನತ್ರನೂ ಆಧಾರ್ ಇದೆ." ಗಂಡಸರಿಗೆ ಈ ಸೌಲಭ್ಯ ಇಲ್ಲ, ಹಾಗಾಗಿ ತಮ್ಮ ಟೆಂಪೋ ಹತ್ತಿದ.

ಮೂರು ಗಂಟೆಗೆಲ್ಲಾ ಮಡಿಕೇರಿ, ಎಲ್ಲರೂ ನಮ್ಮ ಗಾಡಿ ಹತ್ತಿ ವಾಪಸ್. ಬೈಲಕುಪ್ಪೇಲಿ ಇಳಿದ್ವಿ, ಅದು ಕೊಡಗಲ್ಲ ಮೈಸೂರು ಜಿಲ್ಲೆ, ಆದ್ರೆ ಕೊಡಗಿಗೆ ಹೋದೋರೆಲ್ಲ ಹೋಗ್ತಾರೆ. ಪಾಸಿನವ್ರಿಗೆ ಎರಡನೇ ಸಲ. ಒಳಗೆ ಮಧ್ಯದಲ್ಲಿ ಬುದ್ಧ, ಎಡಬಲದಲ್ಲಿ ಪದ್ಮಸಂಭವ ಮತ್ತು ಅಮಿತಾಯು, ಕತ್ತೆತ್ತಿ ನೋಡ್ಬೇಕು ಅಷ್ಟೆತ್ತರ. ನಮ್ಮ ಪುಣ್ಯಕ್ಕೆ ಕೆಂಪು ಬಟ್ಟೆ ಮರಿ ಲಾಮಾಗಳು ಸಾಲಾಗಿ ಕೂತು ಪ್ರಾರ್ಥನೆ ಮಾಡ್ತಿದ್ರು, ಹಿಂದಿನ ಸಾಲಲ್ಲಿ ಒಬ್ಬ ಪುಟ್ಟ ಹುಡುಗ ತೂಕಡಿಸ್ತಾ ದೊಡ್ಡ ಡೋಲು ಬಾರಿಸಿದಾಗೆಲ್ಲ ಬೆಚ್ಚಿ ಎದ್ದು ಮತ್ತೆ ಬಾಯಾಡಿಸೋನು. ಮಗ ಅವನನ್ನೇ ನೋಡ್ತಾ ನಿಂತ. "ಮೊನ್ನೆ ಇವರ್ಯಾರೂ ಇರ್ಲಿಲ್ಲ" ಅಂದ. ಇದ್ರೋ ಇಲ್ವೋ, ಇಪ್ಪತ್ತೈದು ನಿಮಿಷದಲ್ಲಿ ಚಪ್ಪಲಿ ಬಿಟ್ಟು ಹಾಕ್ಕೊಳ್ಳೋದೇ ಹತ್ತು ನಿಮಿಷ.

ಹುಣಸೂರು ದಾಟಿದ ಮೇಲೆ ಲೆಕ್ಕ. ಅವರದ್ದು ಮೂರು ಜನಕ್ಕೆ 10,500, ಜೊತೆಗೆ ಏಲಕ್ಕಿ. ನಮ್ಮದು ಟಿಕೆಟ್ಟು, ಬೋಟು, ಪಾರ್ಕಿಂಗು, ಕಡ್ಲೆಕಾಯಿ ಎಲ್ಲಾ ಸೇರಿ ಸಾವಿರ ಮುಟ್ಲಿಲ್ಲ, ಪೆಟ್ರೋಲ್ ಬಿಟ್ಟು. ಆದ್ರೆ ಮಾಂದಲಪಟ್ಟಿ ಅವರಿಗಾಯ್ತು ನಮ್ಗಾಗ್ಲಿಲ್ಲ, ಅದನ್ನೂ ಬರ್ಕೋಬೇಕು. ಮಗನ್ನ ಕೇಳಿದ್ರೆ ಜೀಪೊಂದೇ ಸಾಕಿತ್ತು ಅಂದ.

ಹೋದ ವಾರ ತಮ್ಮ ಫೋನ್ ಮಾಡಿದ್ದ. ಹೆಂಡ್ತಿ ಕೂತು ತನಗೆ ಬೇಕಾಗಿದ್ದು ಬರೆದಳಂತೆ: ಐಫೆಲ್, ಲೂವ್ರ್, ವರ್ಸೈ ಅರಮನೆ, ಒಂದು ಹೊಳೆ ಬೋಟು, ಒಂದು ಸಂಜೆ ಸುಮ್ನೆ ಬೀದಿ ಸುತ್ತೋದು. ಪಾಸ್ ಒಳಗೆ ಬರೋದು ಅದರಲ್ಲಿ ಎರಡೇ. ಎರಡಕ್ಕೂ ಬಿಡಿ ಟಿಕೆಟ್ ಬುಕ್ ಮಾಡಿದಾನೆ, ಬುಧವಾರ ಲೂವ್ರ್, ಗುರುವಾರ ವರ್ಸೈ. ಆಮ್‌ಸ್ಟರ್‌ಡ್ಯಾಮ್ ಕಾರ್ಡ್ ಮಾತ್ರ ತಗೊಳ್ತೀನಿ ಅಂತ ಹಠ, ಟ್ರಾಮ್ ಇದ್ಯಲ್ಲ ಅದರಲ್ಲಿ ಅಂತ. ತಗೊಳ್ಳಲಿ ಬಿಡಿ.

ನಾನು ಹೋಂಸ್ಟೇ ಆಂಟಿ ಹತ್ರ ಹೇಳಿಟ್ಟಿದೀನಿ, ಮುಂದಿನ ವರ್ಷ ಸ್ಪ್ರಿಂಕ್ಲರ್ ಹಾಕಿದ ದಿನ ಒಂದು ಮೆಸೇಜ್ ಹಾಕಿ ಅಂತ. ಎಂಟನೇ ದಿನಕ್ಕೆ ಹೊರಟ್ರೆ ಹೂ ಸಿಗುತ್ತೆ. ಈ ಸಲ ನಾಲ್ಕೂವರೆಗೆ ಅಲಾರಾಂ ನಾನೇ ಇಡ್ತೀನಿ, ಜೀಪಿಗೆ ಆರು ಜನ ಮೊದ್ಲೇ ಸೇರಿಸ್ಕೊಂಡು.